ಅರ್ಧ ಕಿಲೋದ ಒಳಗೆ

"ಇದು ಟೊಮೇಟೊ ತಂದ ಚೀಟಿ," ಎಂದು ಅಕ್ಕ ಮುದುಡಿದ ಕಾಗದವೊಂದನ್ನು ಕಿಟಕಿಯ ಬೆಳಕಿಗೆ ಹಿಡಿದಳು. "ಹೊದಿಕೆಗೆ ಟೊಮೇಟೊ ಯಾವಾಗಿಂದ ಹಾಕ್ತಿದ್ದೀಯ?"

ತಂಗಿಗೆ ನಗು ಬರಲಿಲ್ಲ. ಊಟದ ಮೇಜಿನ ತುಂಬ ಅವಳ ವ್ಯಾಪಾರ ಹರಡಿಕೊಂಡು ಬಿದ್ದಿತ್ತು. ದಾರದ ಬಿಲ್ಲು, ಬಟ್ಟೆಯ ಬಿಲ್ಲು, ಅಮ್ಮನ ಮಾತ್ರೆಯ ಬಿಲ್ಲು, ಯಾವುದರದ್ದೆಂದು ದೇವರಿಗೂ ಗೊತ್ತಿಲ್ಲದ ಒಂದಷ್ಟು ಚೀಟಿ. ಇಷ್ಟು ದಿನ ಇವೆಲ್ಲ ಅವಳ ಕೈಚೀಲದ ತಳದಲ್ಲಿ ಬಾಚಣಿಗೆಯ ಜೊತೆ ಸಂಸಾರ ಮಾಡಿಕೊಂಡಿದ್ದವು.

ಹಲ್ಲಿನ ಡಾಕ್ಟರ ಕ್ಲಿನಿಕ್ಕಿನಲ್ಲಿ ರೋಗಿಗಳ ಹೆಸರು ಬರೆದುಕೊಳ್ಳುವ ಕೆಲಸ ಬಿಟ್ಟು, ಕೂಸುಗಳಿಗೆ ಹೊದಿಕೆ ಹೊಲಿದು ಆನ್‌ಲೈನಿನಲ್ಲಿ ಮಾರತೊಡಗಿ ಅವಳಿಗೆ ಅರ್ಧ ವರ್ಷವಾಗಿತ್ತು. ಡಾಕ್ಟರು ಒಳ್ಳೆಯವರು, ಅವಳ ಕುರ್ಚಿಗೆ ಇನ್ನೊಬ್ಬರನ್ನು ಕೂರಿಸದೆ ಕಾದಿದ್ದರು. ಈಗ ಅವರಿಗೂ ಸಾಕಾಗಿತ್ತು. ಸೋಮವಾರ ಬೆಳಿಗ್ಗೆ ಒಂದು ಮಾತು ಹೇಳಿಬಿಡು, ಇಲ್ಲವಾದರೆ ಬೇರೆಯವರನ್ನು ನೋಡಿಕೊಳ್ಳುತ್ತೇನೆ ಎಂದು ಫೋನಿನಲ್ಲಿ ಹೇಳಿದ್ದರು. ಇವತ್ತು ಭಾನುವಾರ.

ಆರ್ಡರುಗಳೇನೋ ಬರುತ್ತಿದ್ದವು. ಬ್ಯಾಂಕಿಗೆ ದುಡ್ಡು ಬಿದ್ದಾಗಲೆಲ್ಲ ಫೋನು ಟಿಣ್ ಎನ್ನುತ್ತಿತ್ತು, ಅವಳ ಎದೆ ಹಿಗ್ಗುತ್ತಿತ್ತು. ಆದರೆ ಬಾಡಿಗೆಯ ದಿನ ಬಂದರೆ ಖಾತೆಯಲ್ಲಿ ಏನೂ ಇರುತ್ತಿರಲಿಲ್ಲ. ಹೋದ ತಿಂಗಳು ಅಮ್ಮನ ಮಂಡಿಯ ಆಪರೇಷನ್ನಿಗೆಂದು ಎತ್ತಿಟ್ಟ ದುಡ್ಡಿಗೆ ಕೈಹಾಕಿ ಬಾಡಿಗೆ ಕಟ್ಟಿದ್ದಳು. ಅದನ್ನು ಯಾರಿಗೂ ಹೇಳಿರಲಿಲ್ಲ. ಅಂದಿನಿಂದ ಹೊಲಿಗೆ ಯಂತ್ರದ ಮುಂದೆ ಕೂತರೂ ಆ ದುಡ್ಡಿನದೇ ಚಿಂತೆ. ಕ್ಲಿನಿಕ್ಕಿಗೆ ವಾಪಸು ಹೋಗುವುದೆಂದರೆ ಅದಕ್ಕಿಂತ ಹೆಚ್ಚಿನ ಸಂಕಟ. ಹುಟ್ಟಿದಂದಿನಿಂದ ಅವಳು ತನ್ನದು ಎಂದು ಹೇಳಿಕೊಳ್ಳುವ ಹಾಗೆ ಮಾಡಿದ್ದು ಇದೊಂದೇ ಕೆಲಸ.

ಅಕ್ಕ ಮರದ ಡಿಪೋ ಒಂದರಲ್ಲಿ ಲೆಕ್ಕ ಬರೆಯುವವಳು. ದಿಮ್ಮಿಗಳ ನಡುವೆ ಇದ್ದೂ ಇದ್ದೂ ಮಾತೂ ಅದೇ ತೂಕಕ್ಕೆ ಬಂದಿತ್ತು. ಅವಳು ಮೊದಲು ಚೀಟಿಗಳನ್ನು ಮನೆಯದು, ಅಂಗಡಿಯದು ಎಂದು ಎರಡು ಗುಡ್ಡೆ ಮಾಡಿದಳು. ಅಂಗಡಿ ಎಲ್ಲಿದೆಯೇ ಎಂದು ತಂಗಿ ಕೇಳಿದ್ದಕ್ಕೆ, ಆ ಹೊಲಿಗೆ ಯಂತ್ರವೇ ಅಂಗಡಿ, ಅದಕ್ಕೆ ಬೇರೆ ಖಾತೆ ತೆರೆ, ಅದರ ದುಡ್ಡಿನಲ್ಲಿ ಸೊಪ್ಪು ತರಕಾರಿ ತರಬೇಡ ಎಂದಳು. ಖರ್ಚು ಮಾಡಿದ ದಿನವೇ ಬರೆದಿಡಬೇಕು. ಬ್ಯಾಂಕಿಗೆ ಬಿದ್ದದ್ದಷ್ಟನ್ನೇ ಸಂಪಾದನೆ ಎಂದುಕೊಳ್ಳಬಾರದು. ಮಾರಿದ ಪೂರ್ತಿ ಬೆಲೆ ಒಂದು ಕಡೆ, ಆ ಆನ್‌ಲೈನಿನವರು ಮುರಿದುಕೊಂಡದ್ದು ಇನ್ನೊಂದು ಕಡೆ ಬರೆದರೆ ತಾನೆ ಯಾರು ಎಷ್ಟು ತಿಂದರು ಅಂತ ಗೊತ್ತಾಗುವುದು. ಇಷ್ಟು ಹೇಳಿ, ಕೊನೆಗೆ ನಿನ್ನ ಸಂಬಳ ಎಲ್ಲಿ ಬರೆದಿದ್ದೀಯ ಎಂದು ಕೇಳಿದಳು. ತಂಗಿ ಚೀಟಿಗಳನ್ನು ಮತ್ತೆ ಕೆದಕಿದಳು.

ಮಧ್ಯಾಹ್ನದ ಹೊತ್ತಿಗೆ ಅಕ್ಕನ ಪೆನ್ಸಿಲು ಒಂದು ಕಡೆ ನಿಂತುಬಿಟ್ಟಿತು. ಕೊರಿಯರ್ ಖರ್ಚೆಂದು ಮುರಿದುಕೊಂಡ ಮೊತ್ತ ಹೆಚ್ಚುಕಡಿಮೆ ಎಲ್ಲ ಆರ್ಡರಿಗೂ ಒಂದೇ ಇತ್ತು. ನಡುವೆ ಒಂದೇ ಒಂದು ವಾರ ಅದು ಅರ್ಧಕ್ಕೆ ಇಳಿದಿತ್ತು. ಅದೇ ಹೊದಿಕೆ, ಅದೇ ಡಬ್ಬಿ. ಆ ವಾರ ಏನು ಬೇರೆ ಮಾಡಿದೆ ಎಂದು ಅಕ್ಕ ಪೊಲೀಸರ ಹಾಗೆ ಕೇಳತೊಡಗಿದಳು. ಏನೂ ಇಲ್ಲ, ಆ ವಾರ ಅಮ್ಮನಿಗೆ ಜ್ವರ ಬಂದಿತ್ತು ಅಷ್ಟೆ, ಎಂದಳು ತಂಗಿ.

ಹಾಗೆಂದವಳು ಒಳಕೋಣೆಯ ಕಡೆ ತಿರುಗಿ ನೋಡಿದಳು.

ಅಮ್ಮ ಒಳಕೋಣೆಯಲ್ಲಿ ಕೂತು ಹಕ್ಕಿ ಹೊಲಿಯುತ್ತಿದ್ದಳು. ವ್ಯಾಪಾರ ಶುರುವಾದ ದಿನದಿಂದ ಅದು ಅವಳ ಕೆಲಸ. ಉಳಿದ ಬಟ್ಟೆಯ ಚೂರಿಗೆ ಹತ್ತಿ ತುಂಬಿ, ಗುಂಡಿಯ ಕಣ್ಣಿಟ್ಟು, ಹೆಬ್ಬೆರಳಿನಷ್ಟು ಹಕ್ಕಿ. ಒಂದೊಂದು ಡಬ್ಬಿಗೆ ಒಂದೊಂದು, ಕೊಸರು. ಜ್ವರದ ವಾರ ಮಾತ್ರ ಡಬ್ಬಿಗಳು ಹಕ್ಕಿಯಿಲ್ಲದೆ ಹೋಗಿದ್ದವು. ಬಿಟ್ಟಿ ಕೊಡುವುದು ಖರ್ಚು ಹೇಗಾದೀತು ಎಂದು ತಂಗಿ ಅದನ್ನು ಎಲ್ಲೂ ಬರೆದಿರಲಿಲ್ಲ. ಕೊಂಡವರು ಹೊದಿಕೆಯನ್ನು ಒಂದು ಸಾಲಿನಲ್ಲಿ ಮುಗಿಸಿ ಹಕ್ಕಿಯ ಬಗ್ಗೆ ಮೂರು ಸಾಲು ಬರೆಯುತ್ತಿದ್ದರು. ಅಮ್ಮ ಅದನ್ನು ಎರಡೆರಡು ಸಲ ಓದಿಸಿಕೊಳ್ಳುತ್ತಿದ್ದಳು. ಮಂಡಿ ಕೈಕೊಟ್ಟ ಮೇಲೆ ಮೂಲೆ ಹಿಡಿದಿದ್ದವಳು ಈಗ ಬೆಳಿಗ್ಗೆ ಎದ್ದ ಕೂಡಲೇ ಇವತ್ತು ಎಷ್ಟು ಬೇಕೇ ಎಂದು ಕೇಳುವಷ್ಟು ಚುರುಕಾಗಿದ್ದಳು.

ಅಡುಗೆಮನೆಯ ತಕ್ಕಡಿ ಮೇಜಿಗೆ ಬಂತು. ಡಬ್ಬಿಯ ಸಮೇತ ಹೊದಿಕೆ ನಾನೂರ ತೊಂಬತ್ತಾರು ಗ್ರಾಂ ತೂಗಿತು. ಹಕ್ಕಿಯನ್ನಿಟ್ಟರೆ ಐನೂರ ಎಂಟು. ಅರ್ಧ ಕಿಲೋ ದಾಟಿತೆಂದರೆ ಕೊರಿಯರಿನವರ ಲೆಕ್ಕದಲ್ಲಿ ಒಂದು ಕಿಲೋ.

ಹತ್ತಿ ಕಡಿಮೆ ಮಾಡಿದರೆ ಎಂದು ತಂಗಿ ಮೆಲ್ಲಗೆ ಕೇಳಿದಳು. ಅಕ್ಕ ಬರೀ ಬಟ್ಟೆ ಮತ್ತು ಗುಂಡಿ ಇಟ್ಟು ತೂಗಿದಳು, ಅದೂ ದಾಟಿತು. ಇದಕ್ಕಿಂತ ಹಗುರದ ಡಬ್ಬಿ ದಾರಿಯಲ್ಲೇ ಅಪ್ಪಚ್ಚಿಯಾಗುತ್ತಿತ್ತು. ಬೆಲೆ ಏರಿಸಿ ನೋಡಿದ ತಿಂಗಳು ಆರ್ಡರುಗಳೇ ನಿಂತುಹೋಗಿದ್ದವು. ಅಕ್ಕ ಇನ್ನೊಮ್ಮೆ ಕೂಡಿ ಕಳೆದು, ಒಳಗೆ ಕೇಳಿಸದ ಹಾಗೆ ಹೇಳಿದಳು:

"ಹಕ್ಕಿ ಬಿಟ್ರೆ ಬಾಡಿಗೆ ಕಟ್ಟಿ, ನಿನಗೂ ಒಂದಿಷ್ಟು ಉಳಿಯತ್ತೆ. ಹಕ್ಕಿ ಇಟ್ಕೊಂಡ್ರೆ ನಾಳೆ ಕ್ಲಿನಿಕ್ಕಿಗೆ ಹೋಗು."

"ಅಮ್ಮಂಗೆ ನೀನೇ ಹೇಳು ಅಕ್ಕಾ."

ಡಿಪೋದಲ್ಲಿ ಲಾರಿ ಡ್ರೈವರುಗಳನ್ನೆಲ್ಲ ನಡುಗಿಸುವ ಅಕ್ಕ, ಬಸ್ಸಿಗೆ ಹೊತ್ತಾಯಿತೆಂದು ಚಪ್ಪಲಿ ಮೆಟ್ಟಿಕೊಂಡಳು.

ಅಮ್ಮನ ಪಕ್ಕದ ಬುಟ್ಟಿಯಲ್ಲಿ ಆ ವಾರದ ಹಕ್ಕಿಗಳು ತುಂಬಿದ್ದವು. ತಂಗಿ ನೀರು ಕುಡಿಯಲೆಂದು ಒಮ್ಮೆ, ಕಿಟಕಿ ಮುಚ್ಚಲೆಂದು ಒಮ್ಮೆ ಹೋಗಿ ಬಂದಳು. ಮೂರನೆಯ ಸಲ ಹೋದಾಗ, ಏನೇ ಅದು, ಕಾಲು ಸುಟ್ಟ ಬೆಕ್ಕಿನ ಹಾಗೆ ತಿರುಗ್ತಿದ್ದೀಯ, ಎಂದು ಅಮ್ಮನೇ ಕೇಳಿದಳು. ಮಂಚದ ತುದಿಯಲ್ಲಿ ಕೂತು ತಂಗಿ ಎಲ್ಲವನ್ನೂ ಹೇಳಿದಳು. ಮಂಡಿಯ ದುಡ್ಡಿಗೆ ಕೈಹಾಕಿದ್ದನ್ನೂ ಹೇಳಿಬಿಟ್ಟಳು. ಹೇಳುವಾಗ ಅಮ್ಮನ ಮುಖ ನೋಡುವ ಧೈರ್ಯವಾಗದೆ ಅವಳ ಬೆರಳಿನ ಸೂಜಿಯನ್ನೇ ನೋಡುತ್ತಿದ್ದಳು.

ಮಂಡಿಯ ಮಾತನ್ನು ಅಮ್ಮ ಕಿವಿಗೇ ಹಾಕಿಕೊಳ್ಳಲಿಲ್ಲ. ಯಾರಾದರೂ ಹಕ್ಕಿ ಚೆನ್ನಾಗಿಲ್ಲ ಅಂದರೇನೇ, ಕಣ್ಣು ಕಿತ್ತು ಬಂತೇನೇ ಎಂದು ಕೇಳಿದಳು. ಇಲ್ಲಮ್ಮ, ತೂಕ ಅಷ್ಟೆ, ಎಂದಳು ತಂಗಿ. ಅಮ್ಮ ಒಂದು ಹಕ್ಕಿಯನ್ನು ಅಂಗೈಯಲ್ಲಿಟ್ಟುಕೊಂಡು ಮೆಲ್ಲಗೆ ಮೇಲೆ ಕೆಳಗೆ ಆಡಿಸಿದಳು.

"ಇಷ್ಟಕ್ಕಾ?" ಎಂದಳು.

ಆಮೇಲೆ ಹೊಲಿಯುತ್ತಿದ್ದದ್ದನ್ನು ಅರ್ಧಕ್ಕೆ ಬಿಡಲು ಮನಸ್ಸಾಗದೆ ಅದೊಂದನ್ನು ಮುಗಿಸಿ, ದಾರವನ್ನು ಹಲ್ಲಿನಲ್ಲಿ ಕಡಿದು, ಸೂಜಿಯನ್ನು ದಾರದ ಉಂಡೆಗೆ ಚುಚ್ಚಿಟ್ಟಳು. ಊಟಕ್ಕೆ ಕೂತಾಗ ಎಂದಿನಂತೆ ಉಪ್ಪು ಕಡಿಮೆ ಎಂದಳು. ತಂಗಿಗೆ ಅತ್ತುಬಿಡೋಣ ಅನ್ನಿಸಿತು.

ಬೆಳಿಗ್ಗೆ ಡಾಕ್ಟರಿಗೆ ಫೋನು ಮಾಡಿ, ಬರುವುದಿಲ್ಲ, ನನ್ನ ಕೆಲಸವೇ ನಡೆಯುತ್ತಿದೆ ಎಂದಳು. ಅವರು ಸಂತೋಷವೆಂದರು. ಗೆದ್ದೆ ಎಂದು ಅನ್ನಿಸಬೇಕಾಗಿತ್ತು. ಫೋನು ಇಟ್ಟು, ಹೊಸ ಪುಸ್ತಕದಲ್ಲಿ ತಾರೀಕು ಬರೆದು, ಆ ದಿನದ ಡಬ್ಬಿಗಳನ್ನು ಮೇಜಿಗೆ ತಂದಳು.

ಅಮ್ಮ ಗೋಡೆ ಹಿಡಿದುಕೊಂಡು ಬಂದು ಎದುರಿನ ಕುರ್ಚಿಯಲ್ಲಿ ಕೂತಳು. ಎಷ್ಟು ಬೇಕು ಎಂದು ಕೇಳಲಿಲ್ಲ. ಮಡಿಲಲ್ಲಿ ಬಿಟ್ಟ ಕೈಗಳಿಗೆ ಏನು ಮಾಡಬೇಕೆಂದು ತಿಳಿಯದೆ, ಒಂದು ಇನ್ನೊಂದರ ಉಗುರನ್ನು ಸವರುತ್ತಿತ್ತು. ತಂಗಿ ಹೊದಿಕೆ ಮಡಿಸಿ ಡಬ್ಬಿಗಿಟ್ಟು ಮುಚ್ಚಿದಳು. ಒಂದು ಕೈಯಲ್ಲಿ ಮುಚ್ಚಳ ಒತ್ತಿ ಇನ್ನೊಂದರಲ್ಲಿ ಅಂಟುಪಟ್ಟಿ ಎಳೆಯುವಾಗ ಮುಚ್ಚಳ ಎದ್ದೆದ್ದು ಬರುತ್ತಿತ್ತು. ಅಮ್ಮ ಸ್ವಲ್ಪ ಹೊತ್ತು ನೋಡಿದಳು. ಆಮೇಲೆ ಮುಂದಕ್ಕೆ ಬಾಗಿ, ಮುಚ್ಚಳದ ಎರಡು ಅಂಚುಗಳು ಕೂಡುವ ಜಾಗದ ಮೇಲೆ ತೋರುಬೆರಳನ್ನು ಒತ್ತಿ ಹಿಡಿದಳು.

"ಇದರ ತೂಕ ಬೀಳಲ್ಲ ತಾನೇ?" ಎಂದಳು.

ತಂಗಿ ಇಲ್ಲವೆಂದು ತಲೆಯಾಡಿಸಿದಳು. ಅಂಟುಪಟ್ಟಿ ಕರಕರ ಎನ್ನುತ್ತ ಡಬ್ಬಿಯ ಮೇಲೆ ಹಾದು ಬಂತು. ಬೆರಳಿನ ಹತ್ತಿರ ಬಂದಾಗ ಅವಳು ನಿಲ್ಲಿಸಿದಳು. ಅಮ್ಮ ನಿಧಾನವಾಗಿ ಬೆರಳು ತೆಗೆದಳು.