ಇಪ್ಪತ್ತಮೂರರವರೆಗೆ ಅತ್ತವನು

ನನ್ನ ಮೈದುನನ ಮುಖವೇನೋ ಚೆಂದವಿತ್ತು. ಅದರಿಂದ ಒಂದು ಸಾಲೂ ನೆಟ್ಟಗೆ ಹೊರಬರುತ್ತಿರಲಿಲ್ಲ. ಶೂಟಿಂಗಿನಲ್ಲಿ ಅವನು ಸಂಭಾಷಣೆಯ ಬದಲು ಎಣಿಸುತ್ತಿದ್ದ. ಪ್ರೀತಿಗೆ ಒಂದು, ಎರಡು, ಮೂರು ಎಂದು ಪಿಸುಗುಟ್ಟುತ್ತಿದ್ದ. ಸಿಟ್ಟಿಗೆ ಅದನ್ನೇ ಅರಚುತ್ತಿದ್ದ. ಆಮೇಲೆ ಡಬ್ಬಿಂಗ್ ಕೋಣೆಯಲ್ಲಿ ಅವನ ಅಣ್ಣ, ಅಂದರೆ ನನ್ನ ಗಂಡ, ಆ ತುಟಿಗಳಿಗೆ ದನಿ ಕೊಡುತ್ತಿದ್ದರು. ಬರೆದಿಟ್ಟ ಸಂಭಾಷಣೆ ತುಟಿಗೆ ಕೂರುತ್ತಿರಲಿಲ್ಲವಾದ್ದರಿಂದ ಮಾತು ಹುಡುಕುವುದು ನನ್ನ ಪಾಲಿಗೆ ಬಂತು. ‘ಒಂಬತ್ತು’ ಎನ್ನುವಾಗ ತುಟಿ ನಡುವೆ ಮುಚ್ಚುತ್ತದೆ. ಅಲ್ಲಿಗೆ ‘ನಂಬಿದ್ದೆ’ ಎಂದು ಬರೆದೆ. ಎಂ.ಎ.ಯಲ್ಲಿ ಕಲಿತ ಛಂದಸ್ಸು ಇಷ್ಟಕ್ಕಾದರೂ ಒದಗಿತು. ಆ ‘ನಂಬಿದ್ದೆ’ಗೆ ಚಿತ್ರಮಂದಿರಗಳಲ್ಲಿ ಶಿಳ್ಳೆ ಬಿತ್ತು. ಎರಡನೇ ಚಿತ್ರದ ಹೊತ್ತಿಗೆ ಅವನು ‘ಕಂಚಿನ ಕಂಠದ ಹುಡುಗ’.

ಮೂರನೆಯ ಚಿತ್ರದಲ್ಲಿ ಒಂದೇ ದೃಶ್ಯ ಬಾಕಿಯಿದ್ದಾಗ ನನ್ನ ಗಂಡ ತೀರಿಕೊಂಡರು. ಮೆದುಳಿನಲ್ಲಿ ರಕ್ತನಾಳ ಒಡೆಯಿತು ಎಂದರು. ಮೂರು ವಾರ ಕಳೆದು ಮೈದುನ ಬಂದ. ಒಳಗೆ ಕೂತ ಮೇಲೂ ಕಪ್ಪು ಕನ್ನಡಕ ತೆಗೆಯಲಿಲ್ಲ.

“ಅತ್ತಿಗೆ, ತಾಯಿ ಸಾಯೋ ಸೀನು. ಸೆಟ್ ಒಡೆದು ಹಾಕಿದಾರೆ, ಮತ್ತೆ ತೆಗೆಯೋಕಾಗಲ್ಲ. ದನಿಗೆ ಬೇರೆಯವರು ಸಿಕ್ಕಿದಾರೆ, ಥೇಟ್ ಅಣ್ಣನ ಥರಾನೇ. ಮಾತು ಮಾತ್ರ ನೀವೇ ಕೂರಿಸಿಕೊಡಬೇಕು.”

“ಎಷ್ಟರವರೆಗೆ ಅತ್ತಿದ್ದೀಯ?”

“ಇಪ್ಪತ್ತಮೂರು.” ಹೇಳುವಾಗ ಹೆಮ್ಮೆಯಿತ್ತು.

“ಬರೀತೀನಿ. ಕಂಠದಾನ ಅಂತ ತೆರೆ ಮೇಲೆ ನಿಮ್ಮಣ್ಣನ ಹೆಸರು ಹಾಕಿಸು.”

“ಅಯ್ಯೋ ಅತ್ತಿಗೆ, ಮನೆಯವರಿಗೆ ಹೆಸರೇನು? ಜನ ಅದು ನನ್ನದೇ ದನಿ ಅಂದ್ಕೊಂಡಿದಾರೆ. ಅಣ್ಣ ಇದ್ದಿದ್ರೆ ಅವನೇ ಬೇಡ ಅಂತಿದ್ದ.”

“ಇದ್ದಾಗ ಒಂದ್ಸಲ ಕೇಳಬಹುದಿತ್ತು.”

“ನನ್ನ ಹೊಟ್ಟೆ ಮೇಲೆ ಹೊಡೀಬೇಡಿ.”

“ನಿನ್ನ ಹೊಟ್ಟೆಗೇನಪ್ಪ? ಊರೆಲ್ಲ ಪೋಸ್ಟರಿನಲ್ಲಿ ನೋಡ್ತಿದೆ.”

ಹೆಸರಿಲ್ಲದೆ ಒಂದಕ್ಷರವನ್ನೂ ಬರೆಯುವುದಿಲ್ಲ ಎಂದೆ. ಬಾಗಿಲನ್ನು ಧಡಾರನೆ ಎಳೆದುಕೊಂಡು ಹೋದ.

ಆ ದೃಶ್ಯದ ದನಿ ಕಿತ್ತು, ಪಿಟೀಲು ತುಂಬಿ ಚಿತ್ರ ಬಿಡುಗಡೆ ಮಾಡಿದರು. ಹೆಸರು ಹಾಕಿರಬಹುದೇ ಎಂದು ನಾನೂ ಹೋದೆ. ಹಾಕಿರಲಿಲ್ಲ. ಕೊನೆಯಲ್ಲಿ ಅವನು ತಾಯಿಯ ಕಾಲು ಹಿಡಿದು ಬಾಯಿ ಆಡಿಸಿದಾಗ ಸುತ್ತಲಿನವರೆಲ್ಲ ಮೂಗು ಒರೆಸಿಕೊಂಡರು. ನಾನು ತುಟಿ ಓದುತ್ತಿದ್ದೆ. ಹದಿನಾಲ್ಕಾದ ಮೇಲೆ ಅವನು ಹದಿನಾರಕ್ಕೆ ಹಾರಿದ್ದ.

‘ಮೌನದಲ್ಲೇ ಮಾತನಾಡಬಲ್ಲ ನಟ’ ಎಂದು ಪತ್ರಿಕೆಗಳು ಬರೆದವು. ಪ್ರಶಸ್ತಿಯೂ ಬಂತು. ಅಂದೇ ಫೋನ್ ಮಾಡಿದ.

“ನೋಡಿದ್ರಾ ಅತ್ತಿಗೆ? ಮುಂದಿನ ಚಿತ್ರದಲ್ಲಿ ಮೂಗನ ಪಾತ್ರ. ಇನ್ನು ಯಾರ ಹಂಗೂ ಇಲ್ಲ.”

“ಒಳ್ಳೇದು. ಈಗಿನಿಂದಲೇ ಅಭ್ಯಾಸ ಮಾಡು,” ಎಂದು ಫೋನ್ ಇಟ್ಟೆ.