ಕಿವಿ ಕೇಳದವಳು ಕೇಳಿದ ಪ್ರಶ್ನೆ

ಭೂವಿಜ್ಞಾನದ ಪದವಿಗೆ ಉಳಿದಿದ್ದದ್ದು ಒಂದೇ ಒಂದು ಸೀಟು. ಅದನ್ನು ಹಂಚುವ ಮೇಷ್ಟ್ರ ಟೇಬಲ್ಲಿನ ಮುಂದೆ ಅಮ್ಮ ಮತ್ತು ಹುಡುಗಿ ಕೂತಿದ್ದರು. ಬೆನ್ನ ಹಿಂದೆಯೇ ಚೌಕಳಿ ಅಂಗಿಯವನೊಬ್ಬ ತನ್ನ ತಂಗಿಯನ್ನು ಪಕ್ಕದಲ್ಲಿ ನಿಲ್ಲಿಸಿಕೊಂಡು, ಇವರು ಯಾವಾಗ ಏಳುತ್ತಾರೋ ಎಂದು ತುದಿಗಾಲಲ್ಲಿ ಕಾಯುತ್ತಿದ್ದ. ಅಮ್ಮ ಸಹಿ ಹಾಕಿದರೆ ಸೀಟು ಹುಡುಗಿಯದು, ಹಾಕದೆ ಎದ್ದರೆ ಅವನ ತಂಗಿಯದು. ಅಮ್ಮನೋ, ಅಷ್ಟು ಸುಲಭಕ್ಕೆ ಸಹಿ ಹಾಕುವ ಪೈಕಿ ಅಲ್ಲ.

ಅಮ್ಮನಿಗೆ ಹುಟ್ಟಿನಿಂದ ಕಿವಿ ಕೇಳುವುದಿಲ್ಲ. ಕಿವಿ ಕೇಳದಿದ್ದರೇನು, ಪ್ರಶ್ನೆ ಕೇಳುವುದರಲ್ಲಿ ಅವಳನ್ನು ಮೀರಿಸುವವರಿಲ್ಲ. ಒಂದು ಬಕೆಟ್ಟು ಕೊಳ್ಳುವುದಕ್ಕೂ ಅಂಗಡಿಯವನ ಬೆವರಿಳಿಸುತ್ತಿದ್ದಳು. ಅವಳ ಕೈ ಸನ್ನೆ ಮಾಡುತ್ತಿತ್ತು, ಹುಡುಗಿಯ ಬಾಯಿ ಅದನ್ನು ಮಾತಾಗಿಸುತ್ತಿತ್ತು. ಮನೆಯಲ್ಲಿ ಇರುವುದು ಇವರಿಬ್ಬರೇ. ತೊದಲು ಮಾತು ಬಂದಾಗಿನಿಂದ ಹುಡುಗಿಗೆ ಇದೇ ಉದ್ಯೋಗ.

ಈ ಉದ್ಯೋಗದಲ್ಲಿ ಅವಳು ಒಂದು ಕೈಚಳಕ ಕಲಿತಿದ್ದಳು. ಮನೆ ಮಾಲೀಕ, "ಆ ಮೂಗಿಗೆ ಹೇಳು, ಕಂಡಾಪಟ್ಟೆ ನೀರು ಚೆಲ್ಲಬಾರದು ಅಂತ" ಎಂದರೆ ಅಮ್ಮನಿಗೆ ತಲುಪುತ್ತಿದ್ದದ್ದು, "ನೀರು ಸ್ವಲ್ಪ ನೋಡಿಕೊಂಡು ಬಳಸಿ ಅಂತಿದಾರೆ." ಅಮ್ಮ, "ಇವನ ತಲೇಲಿ ಮಿದುಳಿದೆಯೋ ಮರದ ಹೊಟ್ಟಿದೆಯೋ ಕೇಳು" ಎಂದರೆ ಮಾಲೀಕನಿಗೆ ತಲುಪುತ್ತಿದ್ದದ್ದು, "ಆಯ್ತಂತೆ ಸಾರ್." ಇದನ್ನು ಸುಳ್ಳು ಎಂದು ಹುಡುಗಿ ಯಾವತ್ತೂ ಅಂದುಕೊಂಡಿರಲಿಲ್ಲ. ಮನೆಯ ನೆಮ್ಮದಿ ಉಳಿದರೆ ಸಾಕಲ್ಲ, ಯಾರಪ್ಪನ ಗಂಟು ಹೋಗುತ್ತದೆ?

ಅಮ್ಮ ಕಾಲೇಜಿನ ಪರಿಚಯ ಪುಸ್ತಿಕೆಯನ್ನು ತಿರುಗಿಸಿ ಬೆನ್ನು ನೋಡಿದಳು. ಪುಸ್ತಕದ ಬೈಂಡಿಂಗ್ ಅವಳ ಕಸುಬು.

"ಪಿನ್ನೇ ನೆಟ್ಟಗೆ ಹೊಡೆದಿಲ್ಲ. ಪಾಠ ನೆಟ್ಟಗೆ ಮಾಡ್ತಾರಾ ಕೇಳು."

"ಪಾಠ ಹೇಗೆ ನಡೆಯುತ್ತೆ ಅಂತ ಕೇಳ್ತಿದಾರೆ ಸಾರ್," ಎಂದಳು ಹುಡುಗಿ.

ಮೇಷ್ಟ್ರು ಬಿಸಿಲಿಗೆ ಕಪ್ಪಾದ ಮನುಷ್ಯ, ಬಣ್ಣದ ಮಾತು ಬಾರದವರು. ಇಬ್ಬರು ಕಾಯಂ ಅಧ್ಯಾಪಕರು, ಉಳಿದವರು ವರ್ಷಕ್ಕೊಮ್ಮೆ ಬದಲಾಗುವವರು ಎಂದು ಇದ್ದದ್ದನ್ನು ಇದ್ದ ಹಾಗೆ ಹೇಳಿದರು. ಪುಸ್ತಿಕೆಯ ಚಿತ್ರದಲ್ಲಿರುವ ಪ್ರಯೋಗಶಾಲೆ ನಿಜವಾಗಿಯೂ ಇದೆಯಾ? ಇದೆ, ಒಂದು ಯಂತ್ರ ಮಾತ್ರ ಕೆಟ್ಟಿದೆ. ಸೇರಿದವರೆಲ್ಲ ಮುಗಿಸುತ್ತಾರಾ? ಇಲ್ಲ, ಬಿಸಿಲಲ್ಲಿ ಅಲೆಯಲಾಗದೆ ಕೆಲವರು ನಡುವೆಯೇ ಬಿಡುತ್ತಾರೆ. ಮುಗಿಸಿದವರು ಈಗ ಏನು ಮಾಡುತ್ತಿದ್ದಾರೆ, ಅಂಥ ಒಬ್ಬರ ಜೊತೆ ಮಾತಾಡಬಹುದಾ? ಮೇಷ್ಟ್ರು ಮೊದಲ ಸಲ ಅಮ್ಮನನ್ನು ಸರಿಯಾಗಿ ನೋಡಿದರು.

"ಇದನ್ನ ಯಾರೂ ಕೇಳಲ್ಲ ನೋಡಿ," ಎಂದು ಒಬ್ಬಳು ಹಳೆಯ ವಿದ್ಯಾರ್ಥಿನಿಯ ನಂಬರು ಬರೆದುಕೊಟ್ಟರು.

ಹಿಂದಿನವನು ಗಂಟಲು ಸರಿಮಾಡಿಕೊಂಡ. ಹುಡುಗಿಗೆ ಈ ಸೀಟು ಬೇಕೇ ಬೇಕಿತ್ತು. ಕಲ್ಲುಗಳ ಮೇಲಿನ ಪ್ರೀತಿ ಚಿಕ್ಕಂದಿನದು. ಕಲ್ಲಿಗೂ ಅವಳಿಗೂ ನಡುವೆ ಯಾರ ಮಾತನ್ನೂ ಯಾರಿಗೂ ದಾಟಿಸಬೇಕಾಗಿರಲಿಲ್ಲ. ಒಂದೇ ಒಂದು ಪ್ರಶ್ನೆಗೆ ಅವಳು ಬೆಳಗಿನಿಂದ ಹೆದರುತ್ತಿದ್ದಳು. ಅಮ್ಮ ಅದನ್ನೇ ಕೇಳಿದಳು.

"ದಿನಾ ಸಂಜೆ ಮನೆಗೆ ಬರ್ತಾಳಾ?"

ಮೇಷ್ಟ್ರು ಗೋಡೆಯ ನಕ್ಷೆಯ ಕಡೆ ಕೈ ತೋರಿಸಿದರು. "ಎಲ್ಲಿ ಬರೋದಕ್ಕಾಗುತ್ತಮ್ಮಾ! ಆಗಾಗ ಕ್ಯಾಂಪ್ ಇರುತ್ತೆ. ಮೂರನೇ ವರ್ಷ ಪೂರ್ತಿ ಹೊರಗೇ. ಬೆಟ್ಟದ ಮೇಲೆ ಫೋನೂ ಸಿಗಲ್ಲ."

ಅಮ್ಮನ ಕಣ್ಣು ಮೇಷ್ಟ್ರ ಮೇಲಿರಲಿಲ್ಲ. ಉತ್ತರ ಬರುವುದು ಮಗಳ ಕೈಯಿಂದ. ಹಾಗಾಗಿ ಅವಳು ಯಾವಾಗಲೂ ಮಗಳ ಕೈಯನ್ನೇ ನೋಡುತ್ತಿದ್ದಳು. ಆ ಕೈ ಒಂದು ಕ್ಷಣ ತಡೆಯಿತು.

"ಬರ್ತೀನಂತೆ," ಎಂದು ಹುಡುಗಿ ಸನ್ನೆ ಮಾಡಿದಳು. "ದಿನಾ ಸಂಜೆ."

ಅಮ್ಮ ಪುಸ್ತಿಕೆ ಮುಚ್ಚಿದಳು. ಚೀಲ ಹೆಗಲಿಗೇರಿಸಿ ಎದ್ದು ನಿಂತಳು.

"ಹಾಗಾದ್ರೆ ಬೇಡ. ಬೇರೆ ಕೋರ್ಸಿನ ಕೋಣೆ ನೋಡೋಣ, ನಡಿ."

ಹುಡುಗಿ ತಲೆಬುಡ ಅರ್ಥವಾಗದೆ ತಾನೂ ಎದ್ದಳು. ಅಷ್ಟರಲ್ಲಿ ಚೌಕಳಿ ಅಂಗಿಯವನು ಖಾಲಿಯಾದ ಕುರ್ಚಿಗೆ ತಂಗಿಯನ್ನು ನೂಕಿ ಆಗಿತ್ತು. "ಇವರದು ಮುಗೀತಲ್ಲ ಸಾರ್? ನಮ್ಮ ಹೆಸರು ಬರ್ಕೊಳ್ಳಿ."

"ಯಾಕಮ್ಮಾ? ಯಾಕೆ ಬೇಡ?" ಎಂದು ಹುಡುಗಿ ಸನ್ನೆಯಲ್ಲಿ ಕೇಳಿದಳು.

"ಸಂಜೆ ಮನೆಗೆ ಬಂದ್ರೆ ಏನು ಮಾಡ್ತೀಯ? ನನ್ನ ಬಾಯಿ ಆಗ್ತೀಯ. ಡಾಕ್ಟ್ರ ಹತ್ರ ನೀನು, ಬ್ಯಾಂಕಿಗೆ ನೀನು, ಪಕ್ಕದ ಮನೆಯವಳ ಜಗಳಕ್ಕೂ ನೀನು. ಹೋಗು ಅಂತ ಹೇಳೋ ಗಟ್ಟಿತನ ನನಗಿಲ್ಲ. ಕಾಲೇಜಾದ್ರೂ ನಿನ್ನ ದೂರ ಎಳಕೊಂಡು ಹೋಗ್ಲಿ ಅಂತ ಕೇಳಿದೆ. ಇದು ಎಳಕೊಂಡು ಹೋಗಲ್ಲವಂತಲ್ಲ."

ಮೇಷ್ಟ್ರು ಪೆನ್ನಿನ ಮುಚ್ಚಳ ತೆಗೆಯುತ್ತಿದ್ದರು.

"ಒಂದು ನಿಮಿಷ ಸಾರ್, ಬರೀಬೇಡಿ!" ಎಂದು ಹುಡುಗಿ ಕೂಗಿ, ಅಮ್ಮನ ಕಡೆ ತಿರುಗಿದಳು. ಸನ್ನೆಯಲ್ಲಿ ಹೇಳಿದಳು. "ಸುಳ್ಳು ಹೇಳಿದೆ. ಅವರು ಇಲ್ಲ ಅಂದ್ರು. ಒಂದು ವರ್ಷ ಪೂರ್ತಿ ಹೊರಗೇ ಅಂದ್ರು. ನೀನು ಕಳಿಸಲ್ಲ ಅಂದ್ಕೊಂಡೆ."

ಅಮ್ಮ ಬೈಯಬಹುದು ಎಂದು ಹುಡುಗಿ ಅಂದುಕೊಂಡಿದ್ದಳು. ಬೈಯಲಿಲ್ಲ. ಅಮ್ಮನ ಮುಖದಲ್ಲಿ ಲೆಕ್ಕವೊಂದು ಹಿಂದಕ್ಕೆ, ವರ್ಷಗಳಾಚೆಗೆ ಹೋಗುತ್ತಿರುವುದು ಹುಡುಗಿಗೆ ಕಂಡಿತು.

"ಇದೊಂದೇನಾ?"

ಹುಡುಗಿ ಅಲ್ಲವೆಂದು ತಲೆಯಾಡಿಸಿದಳು.

"ಮಾಲೀಕನಿಗೆ ನಾನು ಅಂದಿದ್ದು? ಕೆಲಸದ ಮೇಸ್ತ್ರಿಗೆ ಅಂದಿದ್ದು?" ಅಮ್ಮನ ಕೈಗಳು ಗಾಳಿಯನ್ನು ಸೀಳುತ್ತಿದ್ದವು. "ಇಷ್ಟು ವರ್ಷ ನಾನು ಬೈದಿದ್ದು ಒಬ್ಬರಿಗೂ ಮುಟ್ಟಲೇ ಇಲ್ವಾ? ಅವರೆಲ್ಲ ನನ್ನ ಎಂಥ ಹೆಂಗಸು ಅಂತ ತಿಳ್ಕೊಂಡಿದಾರೆ ಹಾಗಾದ್ರೆ?"

ಹುಡುಗಿ ತಲೆ ತಗ್ಗಿಸಿದಳು. ಅವಳ ಬದುಕಿನಲ್ಲಿ ಅಷ್ಟು ನಾಚಿಕೆ ಎಂದೂ ಆಗಿರಲಿಲ್ಲ.

"ರೀ, ಎದ್ದು ಹೋದ ಮೇಲೆ ಮತ್ತೆ ಎಂಥದ್ದು?" ಎಂದು ಚೌಕಳಿ ಅಂಗಿಯವನು ರೇಗಿದ. ಅಮ್ಮನಿಗೆ ಅದು ಕೇಳಿಸುವ ಮಾತೇ ಇರಲಿಲ್ಲ. ಉಳಿದಿದ್ದ ಇನ್ನೊಂದು ಕುರ್ಚಿಯಲ್ಲಿ ಗಟ್ಟಿಯಾಗಿ ಕೂತು, ಮೇಷ್ಟ್ರ ಕೈಯಿಂದ ಪೆನ್ನನ್ನೇ ತೆಗೆದುಕೊಂಡಳು. ಅವಳಿಗೆ ಬರೆಯಲು ಬರುತ್ತಿತ್ತು. ವಾಕ್ಯ ಹಿಂದುಮುಂದಾಗುತ್ತದೆ, ಓದಿದವರು ನಗುತ್ತಾರೆ ಎಂದು ಹೊರಗಿನವರ ಮುಂದೆ ಬರೆಯುತ್ತಿರಲಿಲ್ಲ, ಅಷ್ಟೇ. ಈಗ ಪುಸ್ತಿಕೆಯ ಹಿಂಬದಿಯಲ್ಲಿ ದಪ್ಪಕ್ಷರದಲ್ಲಿ ಬರೆದಳು: "ಸಂಜೆ ಮನೆ ಇವಳು ಬರುತ್ತಾಳೆ ಏನು?"

ಮೇಷ್ಟ್ರು ಓದಿ, ಹುಡುಗಿಯನ್ನೊಮ್ಮೆ ನೋಡಿ, ಕೆಳಗೆ ಬರೆದರು: "ಇಲ್ಲ."

ಅಮ್ಮ ಅರ್ಜಿ ಎಳೆದುಕೊಂಡು ಸಹಿ ಹಾಕಿದಳು. ಚೌಕಳಿ ಅಂಗಿಯವನು ಗೊಣಗುತ್ತ ತಂಗಿಯನ್ನು ಎಬ್ಬಿಸಿಕೊಂಡು ಹೋದ. ಸೀಟು ಸಿಕ್ಕಿತ್ತು. ಹುಡುಗಿ ಅಮ್ಮನ ತೋಳು ಮುಟ್ಟಲು ಹೋದಳು, ಅಮ್ಮ ತೋಳು ಸರಿಸಿದಳು.

"ನೀನು ಹೊರಗೆ ಕೂತಿರು. ನನಗೆ ಇನ್ನೂ ಕೇಳೋದಿದೆ."

"ನಾನು ಹೇಳ್ತೀನಮ್ಮ, ಈಗ ಸರಿಯಾಗಿ..."

"ಹೊರಗೆ."

ಹೊರಗಿನ ಬೆಂಚಿನಲ್ಲಿ ಕೂರಲು ಅವಳಿಗೆ ಮನಸ್ಸಾಗಲಿಲ್ಲ. ಗಾಜಿನ ಬಾಗಿಲ ಬಳಿಯೇ ನಿಂತಳು. ಒಳಗೆ ಪುಸ್ತಿಕೆ ಅಮ್ಮನ ಕಡೆಯಿಂದ ಮೇಷ್ಟ್ರ ಕಡೆಗೆ, ಅಲ್ಲಿಂದ ಮತ್ತೆ ಅಮ್ಮನ ಕಡೆಗೆ ಸರಿದಾಡುತ್ತಿತ್ತು. ಅಮ್ಮ ಏನನ್ನೋ ಬರೆದಳು. ಮೇಷ್ಟ್ರು ಓದಿ ಹೋ ಎಂದು ನಕ್ಕರು. ಅವರು ತಿರುಗಿ ಬರೆದದ್ದನ್ನು ಓದಿ ಅಮ್ಮನೂ ಹೆಗಲು ಕುಲುಕಿಸಿ ನಕ್ಕಳು.

ಅಮ್ಮ ಹೊರಗಿನವರಿಗೆ ಆಡಿದ ಮಾತು ತನಗೆ ಗೊತ್ತಾಗದೆ ಹೋದದ್ದು ಹುಡುಗಿಯ ಜೀವಮಾನದಲ್ಲೇ ಇದು ಮೊದಲು. ಖುಷಿಯಾಗಬೇಕಿತ್ತು. ಹೊಟ್ಟೆ ಉರಿಯಿತು. ಬಾಗಿಲು ತಳ್ಳಲು ಕೈ ಎತ್ತಿದಳು.

ಒಳಗಿನಿಂದ ಅಮ್ಮ ತಲೆಯೆತ್ತಿ ನೋಡಿದಳು. "ನಿನ್ನ ಕರೆದಿಲ್ಲ," ಎಂದು ಸನ್ನೆ ಮಾಡಿ, ಮತ್ತೆ ಬರೆಯತೊಡಗಿದಳು.