ಹಾಲಿಗೂ ಏಳದ ಮಗು

ಅಳದೆ ಮಲಗುವ ಹಸುಗೂಸನ್ನು ಕಂಡರೆ ಎಲ್ಲರಿಗೂ ಸಮಾಧಾನ. ಬಾಣಂತಿಗೆ ಒಂದು ನಿದ್ದೆ ಸಿಗುತ್ತದೆ, ಮನೆಯವರ ಕೆಲಸ ಸಾಗುತ್ತದೆ, ನೋಡಲು ಬಂದವರು ಎಷ್ಟು ಸಾಧು ಮಗು ಎಂದು ಹೊಗಳಿ ಹೋಗುತ್ತಾರೆ. ಎಳೆಯ ಮಕ್ಕಳ ಫೋಟೋ ತೆಗೆಯುವವರಿಗಂತೂ ಅಂಥ ಮಗು ಸಿಕ್ಕಿದರೆ ಅರ್ಧ ಕೆಲಸ ಮುಗಿದಂತೆ.

ಬೀದಿಯವರೆಲ್ಲ ಫೋಟೋ ಅಕ್ಕ ಎಂದು ಕರೆಯುವವಳಿಗೆ ಹನ್ನೊಂದು ವರ್ಷದಿಂದ ಅದೇ ಕೆಲಸ. ಮನೆಯ ಮುಂದಿನ ಕೋಣೆಯೇ ಸ್ಟುಡಿಯೋ. ಮುಚ್ಚಿದ ಕಿಟಕಿ, ಅದರ ಮೇಲೆ ದಪ್ಪ ಪರದೆ, ಮೂಲೆಯಲ್ಲಿ ಹೀಟರು, ನಡುವೆ ಗುಂಡನೆಯ ದೊಡ್ಡ ದಿಂಬು. ಮಗುವನ್ನು ಹುಟ್ಟಿದ ಹತ್ತು ದಿನದೊಳಗೆ ಕರೆತನ್ನಿ ಎಂದು ಅವಳು ಎಲ್ಲರಿಗೂ ಹೇಳುತ್ತಾಳೆ. ಆಗ ಮಕ್ಕಳು ಗಾಢವಾಗಿ ಮಲಗುತ್ತವೆ, ಹೊಟ್ಟೆಯೊಳಗೆ ಇದ್ದ ಹಾಗೇ ಮುದುಡಿಕೊಳ್ಳುತ್ತವೆ. ಬೀದಿಯ ಅರ್ಧ ಮಕ್ಕಳು ಅವಳ ಅಂಗೈಯಲ್ಲಿ ಮಲಗಿ ಎದ್ದವರೇ.

ಆ ದಿನ ಬೆಳಿಗ್ಗೆ ಒಂಬತ್ತಕ್ಕೆ ಬಂದದ್ದು ಆರು ದಿನದ ಹೆಣ್ಣುಮಗು, ಅದರ ತಾಯಿ, ತಾಯಿಯ ಅತ್ತೆ. ತಾಯಿಗೆ ಇದು ಚೊಚ್ಚಲು. ಬಟ್ಟೆ ಬಿಚ್ಚಿದರೂ ಮಗು ಏಳಲಿಲ್ಲ. ಕೈ ಮಡಿಸಿ ಗಲ್ಲದ ಕೆಳಗೆ ಇಟ್ಟರೂ ಏಳಲಿಲ್ಲ. ಬೇರೆ ದಿನವಾದರೆ ಹಾಲು ಕುಡಿಸಲೆಂದು ಎರಡು ಸಲವಾದರೂ ಕೆಲಸ ನಿಲ್ಲಿಸಬೇಕು. ಅವತ್ತು ಒಮ್ಮೆಯೂ ನಿಲ್ಲಿಸಲಿಲ್ಲ.

ತಾಯಿ ಆಗಾಗ ಗಡಿಯಾರ ನೋಡುತ್ತಿದ್ದಳು. "ಅಕ್ಕ, ಬೆಳಿಗ್ಗೆ ಐದಕ್ಕೆ ಕುಡಿದಿದ್ದು. ಅದೂ ನಾಲ್ಕು ಗುಟುಕು ಚೀಪಿ ಬಿಟ್ಬಿಟ್ಳು. ಎಬ್ಬಿಸ್ಲಾ?"

ಅತ್ತೆ ಸೊಸೆಯ ಕೈ ಹಿಡಿದು ಕೂರಿಸಿದಳು. "ಮಲಗಿರೋ ಮಗೂನ ಯಾರಾದ್ರೂ ಎಬ್ಬಿಸ್ತಾರೇನೇ? ಹಸಿವಾದ್ರೆ ತಾನೇ ಅಳುತ್ತೆ. ನಿನ್ನ ಗಂಡ ಹುಟ್ಟಿದಾಗ ಇಡೀ ಬೀದಿಗೆ ನಿದ್ದೆ ಇರ್ಲಿಲ್ಲ. ಇವಳಾದ್ರೂ ನನ್ನ ಹಾಗೆ ಸಾಧುವಾಗಿದ್ದಾಳಲ್ಲ ಅಂತ ಸಂತೋಷಪಡು."

ತಾಯಿ ಫೋಟೋ ಅಕ್ಕನ ಮುಖ ನೋಡಿದಳು. ನೂರಾರು ಕೂಸುಗಳನ್ನು ಕಂಡವಳು ಏನಾದರೂ ಹೇಳಿಯಾಳು ಎಂಬ ಆಸೆ. ಇಂಥ ಮಗು ವರ್ಷಕ್ಕೊಂದು ಸಿಕ್ಕಿದರೆ ಹೆಚ್ಚು ಎಂದಷ್ಟೇ ಅವಳು ಹೇಳಿದ್ದು.

ಮಧ್ಯಾಹ್ನ ಫೋಟೋ ಅಕ್ಕ ಕಂಪ್ಯೂಟರಿನ ಮುಂದೆ ಕೂತಾಗ ಫೋಟೋದಲ್ಲಿ ಮಗು ಹಳದಿಯಾಗಿ ಕಂಡಿತು. ಮುಖ, ಎದೆ, ಹೊಟ್ಟೆ, ಅಂಗಾಲು ಕೂಡ. ದೀಪದ ದೋಷವಿರಬೇಕು ಅಂದುಕೊಂಡಳು. ಮಗುವಿನ ಕೆಳಗೆ ಹಾಸಿದ ಬಿಳಿ ಬಟ್ಟೆ ಮಾತ್ರ ಬೆಳ್ಳಗೇ ಇತ್ತು. ಅದು ಕಣ್ಣಿಗೆ ಬಿತ್ತು, ಮನಸ್ಸಿಗೆ ಹೋಗಲಿಲ್ಲ. ಎಳೆಯ ಚರ್ಮದ ಕಲೆ, ಕೆಂಪು, ಏಳುವ ಸಿಪ್ಪೆ ಎಲ್ಲವನ್ನೂ ತಿದ್ದುವುದು ಅವಳಿಗೆ ಕೈರೂಢಿ. ಹಳದಿಯನ್ನು ತಗ್ಗಿಸಿದಳು, ಸ್ವಲ್ಪ ಗುಲಾಬಿ ಸೇರಿಸಿದಳು. ಎಲ್ಲಕ್ಕಿಂತ ಚೆನ್ನಾಗಿ ಬಂದದ್ದನ್ನು ತಾಯಿಯ ಮೊಬೈಲಿಗೆ ಕಳಿಸಿದಳು.

ಮರುದಿನ ತಾಯಿಗೆ ಮಗುವಿನ ಕಣ್ಣಿನ ಬಿಳಿಭಾಗ ಹಳದಿಯಾಗಿ ಕಂಡಿತು. ಆಸ್ಪತ್ರೆಗೆ ತೋರಿಸೋಣ ಅಂದಳು. ಅತ್ತೆ ಆ ಮೊಬೈಲನ್ನೇ ತಂದು ಮುಂದೆ ಹಿಡಿದಳು.

"ನೋಡು, ಗುಲಾಬಿ ಹೂವಿನ ಹಾಗಿದ್ದಾಳೆ. ಕಾಮಾಲೆ ಕಣ್ಣಿಗೆ ಕಾಣೋದೆಲ್ಲ ಹಳದಿಯಂತೆ. ಅಷ್ಟು ಭಯ ಆದ್ರೆ ಎಳೆಬಿಸಿಲಿಗೆ ಹಿಡಿ, ಸಾಕು."

ಗಂಡನೂ ಫೋಟೋ ನೋಡಿ ಅಮ್ಮನ ಮಾತೇ ಸರಿ ಅಂದ. ಕೊನೆಗೆ ತಾಯಿಗೂ ತನ್ನ ಕಣ್ಣಿಗಿಂತ ಆ ಫೋಟೋವೇ ನಿಜ ಅನ್ನಿಸಿತು. ನಿನ್ನ ಕಣ್ಣನ್ನು ನಂಬಬೇಡ ಎಂದು ಹೆಂಗಸಿಗೆ ಕಲಿಸಲು ಊರೆಲ್ಲ ಬೇಕಿಲ್ಲ, ಮನೆಯ ಇಬ್ಬರು ಸಾಕು.

ಎರಡು ದಿನ ಬಿಸಿಲಿಗೆ ಹಿಡಿದರು. ಮೂರನೆಯ ದಿನ ಮಗು ಬೆನ್ನನ್ನು ಬಿಲ್ಲಿನಂತೆ ಹಿಂದಕ್ಕೆ ಬಾಗಿಸಿ ಕೀರಲು ದನಿಯಲ್ಲಿ ಅತ್ತಿತು. ಆಗ ಓಡಿದರು.

ಆಸ್ಪತ್ರೆಯಿಂದ ತಾಯಿಯ ಫೋನು ಬಂದಾಗ ಫೋಟೋ ಅಕ್ಕ ಇನ್ನೊಂದು ಮಗುವಿಗೆ ಟೋಪಿ ತೊಡಿಸುತ್ತಿದ್ದಳು. ತಾಯಿ ಅಳಲಿಲ್ಲ, ಬೈಯಲೂ ಇಲ್ಲ. "ಅಕ್ಕ, ಹಳದಿ ಯಾವತ್ತಿಂದ ಅಂತ ಡಾಕ್ಟ್ರು ಕೇಳ್ತಿದ್ದಾರೆ. ನೀವು ತಿದ್ದೋಕೆ ಮುಂಚಿನ ಫೋಟೋ ಇದ್ರೆ ತರ್ತೀರಾ?"

ಅವಳು ತೆಗೆದುಕೊಂಡು ಹೋದಳು. ಗಾಜಿನ ಆಚೆ ನೀಲಿ ಬೆಳಕಿನ ಕೆಳಗೆ, ಕಣ್ಣಿಗೆ ಪಟ್ಟಿ ಕಟ್ಟಿಸಿಕೊಂಡು ಮಗು ಮಲಗಿತ್ತು. ರಕ್ತವನ್ನು ಬದಲಾಯಿಸಿ ಆಗಿತ್ತು. ಡಾಕ್ಟರು ಫೋಟೋ ನೋಡಿ ಏನೋ ಬರೆದುಕೊಂಡು ಒಳಗೆ ಹೋದರು. ವಾರ್ಡಿನ ನರ್ಸಮ್ಮ ಮಾತ್ರ ಬಹಳ ಹೊತ್ತು ನೋಡಿದರು.

"ಅಂಗಾಲಿನವರೆಗೂ ಹಳದಿ ಇಳಿದಿತ್ತಲ್ಲ. ಅವತ್ತೇ ಬಂದಿದ್ರೆ ಈ ಬೆಳಕೊಂದೇ ಸಾಕಾಗ್ತಿತ್ತೋ ಏನೋ."

ಬಾಗಿಲ ಬಳಿ ಕೂತಿದ್ದ ಅತ್ತೆ, ಹಸಿವಾದರೆ ಅಳುತ್ತಿತ್ತಲ್ಲ, ಅಳಲೇ ಇಲ್ಲವಲ್ಲ ಎಂದು ಅದನ್ನೇ ಹೇಳುತ್ತಿದ್ದಳು.

"ಅಳೋಕೂ ಮೈಯಲ್ಲಿ ಶಕ್ತಿ ಬೇಕಲ್ಲಮ್ಮ" ಅಂದರು ನರ್ಸಮ್ಮ. ಆಮೇಲೆ ಮೆಲ್ಲಗೆ ತಿಳಿಸಿ ಹೇಳಿದರು. ಹುಟ್ಟಿದ ಮಕ್ಕಳಲ್ಲಿ ಬಹಳಷ್ಟಕ್ಕೆ ಒಂದಿಷ್ಟು ಹಳದಿ ಬರುತ್ತದೆ, ತಾನಾಗಿಯೇ ಹೋಗುತ್ತದೆ. ಕೆಲವಕ್ಕೆ ಮಾತ್ರ ಏರುತ್ತಲೇ ಹೋಗುತ್ತದೆ. ಏರಿದ ಮಗು ಮಂಕಾಗುತ್ತದೆ, ಹಾಲಿಗೂ ಏಳುವುದಿಲ್ಲ. ನಾವು ಅದನ್ನು ಒಳ್ಳೆಯ ನಿದ್ದೆ ಅನ್ನುತ್ತೇವೆ. ಎಷ್ಟು ಏರಿದೆ ಎಂಬುದನ್ನು ಪರೀಕ್ಷೆ ಮಾಡಿಯೇ ತಿಳಿಯಬೇಕು. ಮನೆಯ ಬಿಸಿಲು ಅದಕ್ಕೆ ಮದ್ದಲ್ಲ. ಮಿದುಳಿಗೆ ತಲುಪಿತೆಂದರೆ ಕಿವಿಯೇ ಕೇಳಿಸದೆ ಹೋಗಬಹುದು, ಆದ ಹಾನಿಯನ್ನು ಸರಿಮಾಡುವ ಔಷಧಿಯಿಲ್ಲ.

ಮಗು ಬದುಕಿತು. ಕಿವಿ ಪರೀಕ್ಷೆಗೆಂದು ಆಸ್ಪತ್ರೆಯವರು ಕೊಟ್ಟ ದಿನಕ್ಕೆ ಇನ್ನೂ ವಾರವಿರುವಾಗ ಅಡುಗೆಮನೆಯಲ್ಲಿ ಕುಕ್ಕರಿನ ಮುಚ್ಚಳ ನೆಲಕ್ಕೆ ಬಿತ್ತು. ಪಕ್ಕದ ಮನೆಯ ನಾಯಿ ಬೊಗಳಿತು. ಅಲ್ಲೇ ಕಣ್ಣು ಬಿಟ್ಟು ಮಲಗಿದ್ದ ಮಗುವಿನ ರೆಪ್ಪೆ ಅಲುಗಲಿಲ್ಲ. ಪರೀಕ್ಷೆಯೂ ಅದನ್ನೇ ಹೇಳಿತು, ಮಗುವಿಗೆ ಕಿವಿ ಕೇಳಿಸದು.

ಫೋಟೋ ಅಕ್ಕ ನೋಡಲು ಹೋದಳು. ತಾಯಿ ಕುರ್ಚಿ ಕೊಟ್ಟಳು, ನೀರು ಕೊಟ್ಟಳು. ಮಗುವನ್ನು ಮಾತ್ರ ಕೈಗೆ ಕೊಡಲಿಲ್ಲ.

ಅವಳು ಸ್ಟುಡಿಯೋದ ಬಾಗಿಲು ಹಾಕಿದ ಸುದ್ದಿ ತಿಳಿದು ನರ್ಸಮ್ಮ ಬಂದರು. ಮುಚ್ಚಿ ಏನು ಪ್ರಯೋಜನ, ಆ ಮಕ್ಕಳು ಇನ್ನೊಂದು ಕಡೆ ಫೋಟೋ ತೆಗೆಸಿಕೊಳ್ಳುತ್ತವೆ ಅಷ್ಟೇ ಅಂದರು. "ಐದನೇ ದಿನ, ಆರನೇ ದಿನ ಬಟ್ಟೆ ಬಿಚ್ಚಿ ಅಡಿಯಿಂದ ಮುಡಿವರೆಗೆ ಮಗೂನ ಅಷ್ಟು ಹೊತ್ತು ನೋಡೋಳು ನೀನು. ನಮಗೂ ಅಷ್ಟು ಪುರುಸೊತ್ತಿರಲ್ಲ."

"ನೋಡಿದ್ದೆನಲ್ಲ ನರ್ಸಮ್ಮ. ನೋಡೇ ಹಳದೀನ ಅಳಿಸಿದ್ದು."

ನರ್ಸಮ್ಮ ಎದ್ದು ಹೋಗಿ ಕಿಟಕಿಯ ಪರದೆ ಸರಿಸಿದರು. ಹಗಲಿನ ಬೆಳಕಿನಲ್ಲಿ ಮಗುವಿನ ಹಣೆಯನ್ನೋ ಎದೆಯನ್ನೋ ಬೆರಳಿನಿಂದ ಮೆಲ್ಲಗೆ ಒತ್ತಿ ಬಿಟ್ಟು, ಆ ಜಾಗ ಹಳದಿ ಕಾಣುತ್ತದೆಯೇ ಎಂದು ನೋಡುವುದನ್ನು ಹೇಳಿಕೊಟ್ಟರು. ಮೈಬಣ್ಣ ಕಪ್ಪಿದ್ದರೆ ಕಣ್ಣಿನ ಬಿಳಿ, ಒಸಡು, ಅಂಗಾಲು ನೋಡಬೇಕು.

ಈಗ ಫೋಟೋ ಅಕ್ಕ ಮಗುವನ್ನು ಹೀಗೆ ನೋಡದೆ ಕ್ಯಾಮೆರಾ ಮುಟ್ಟುವುದಿಲ್ಲ. ಕಳೆದ ತಿಂಗಳು ಒಂದು ಮಗುವಿನ ಹೊಟ್ಟೆ ಹಳದಿ ಕಂಡು ಆಸ್ಪತ್ರೆಗೆ ಹೋಗಿ ಅಂದಾಗ ಅದರ ಅಜ್ಜಿ ಸಿಟ್ಟಾದಳು. "ಫೋಟೋ ತೆಗಿ ಅಂದ್ರೆ ರೋಗ ಹುಡುಕ್ತೀಯಲ್ಲಮ್ಮ. ಬೇಡ ಬಿಡು, ಬೇರೆ ಕಡೆ ಹೋಗ್ತೀವಿ."

ಫೋಟೋ ಅಕ್ಕ ಬೀದಿಯ ಕೊನೆಯಲ್ಲಿರುವ, ಕಿವಿ ಕೇಳದ ಆ ಮಗುವಿನ ಮನೆಯ ಅತ್ತೆಗೆ ಫೋನು ಮಾಡಿದಳು. ಅವಳು ಮನೆಯ ಸೀರೆಯಲ್ಲೇ ಬಂದು ಬಾಗಿಲಲ್ಲಿ ನಿಂತಳು.

"ನಾನೂ ನಿಮ್ಮ ಹಾಗೇ ಅಂದಿದ್ದೆ ಕಣಮ್ಮ. ನಮ್ಮನೆಗೆ ಬನ್ನಿ. ನನ್ನ ಮೊಮ್ಮಗಳನ್ನ ಒಂದು ಸಲ ಕೂಗಿ ನೋಡಿ. ಆಮೇಲೆ ಎಲ್ಲಿಗೆ ಬೇಕೋ ಹೋಗಿ."

ಆ ಅಜ್ಜಿಯೂ ಮನೆಯವರೂ ಮಗುವನ್ನೆತ್ತಿಕೊಂಡು ನೇರ ಆಸ್ಪತ್ರೆಗೆ ಹೋದರು. ಎರಡು ದಿನ ನೀಲಿ ಬೆಳಕಿನ ಕೆಳಗಿದ್ದು ಮಗು ಮನೆಗೆ ಬಂತು. ಫೋಟೋ ಅಕ್ಕನಿಗೆ ಹಗುರವಾಯಿತೇ ಎಂದರೆ, ಇಲ್ಲ. ಒಂದು ಮಗು ಉಳಿಯಿತೆಂದು ಇನ್ನೊಂದರ ಕಿವಿ ತೆರೆಯುವುದಿಲ್ಲ.

ಇದನ್ನು ಓದುತ್ತಿರುವ ತಾಯಂದಿರೇ, ಅಜ್ಜಿಯರೇ, ಅಪ್ಪಂದಿರೇ, ಹುಟ್ಟಿದ ಮಗುವನ್ನು ದಿನಕ್ಕೊಮ್ಮೆ ಹಗಲಿನ ಬೆಳಕಿನಲ್ಲಿ ಬಟ್ಟೆ ಬಿಚ್ಚಿ ನೋಡಿ. ಹಗಲು ರಾತ್ರಿ ಸೇರಿ ಎಂಟು ಸಲವಾದರೂ ಹಾಲು ಕುಡಿಯುತ್ತಿದೆಯೇ ಎಂದು ಲೆಕ್ಕವಿಡಿ. ಹುಟ್ಟಿದ ಮೊದಲ ದಿನವೇ ಹಳದಿ ಕಂಡರೆ, ಹಳದಿ ಹೊಟ್ಟೆಗೋ ಕಾಲಿಗೋ ಇಳಿದರೆ, ಎಬ್ಬಿಸಿದರೂ ಮಗು ಕುಡಿಯದಿದ್ದರೆ, ನಾಳೆ ನೋಡೋಣ ಅನ್ನಬೇಡಿ. ಫೋಟೋ ನೋಡಿ ನಂಬಬೇಡಿ, ಬಿಸಿಲು ನಂಬಿ ಕೂರಬೇಡಿ. ಮನೆಯ ಬಾಣಂತಿ "ಯಾಕೋ ಮಗು ಸರಿ ಕಾಣ್ತಿಲ್ಲ" ಅಂದರೆ ಅವಳ ಬಾಯಿ ಮುಚ್ಚಿಸಬೇಡಿ. ಅವಳ ಮಾತು ಸುಳ್ಳಾದರೆ ಆಸ್ಪತ್ರೆಗೆ ಒಂದು ಓಡಾಟ ದಂಡ, ಅಷ್ಟೇ. ನಿಜವಾದರೆ ಒಂದು ದಿನವೂ ನಿಮ್ಮ ಕೈಯಲ್ಲಿಲ್ಲ. ಚಪ್ಪಲಿ ಮೆಟ್ಟಿಕೊಳ್ಳಿ, ಈಗಲೇ ಹೊರಡಿ.